‘ಸ್ಪಾಯಿಲ್’ ಅಂದ್ರ ಕೆಡಿಸೂದಾ, ಲೂಟಿಯಾ, ಇಲ್ಲಾ ಅಗೆದ ಮಣ್ಣಾ?

ಘಟಪ್ರಭಾ_ದಂಡಿ, ಬಾಗಲಕೋಟೆ
ಕಾಲುವೆ ಕೆಲಸದ ಟೆಂಡರ್ ಕಾಗದ ಕನ್ನಡಕ್ಕ ತರಬೇಕಾಗೇತಿ. ಅದರಾಗ ‘ಸ್ಪಾಯಿಲ್ ಬ್ಯಾಂಕ್’ ಅಂತ ಮತ್ತ ಮತ್ತ ಬರ್ತದ. ಮಷಿನ್ ಅನುವಾದ ಒಂದ ಕಡೆ ‘ಕೆಟ್ಟ ದಂಡೆ’ ಅಂತದ, ಇನ್ನೊಂದ ಕಡೆ ‘ಹಾಳಾದ ಬ್ಯಾಂಕು’ ಅಂತದ. ನಿಘಂಟು ತೆಗೆದ್ರ ಕೆಡು, ಕೆಡಿಸು, ಮುದ್ದು ಮಾಡಿ ಹಾಳು ಮಾಡು, ಲೂಟಿ, ಅಗೆದ ಮಣ್ಣು, ಎಲ್ಲಾ ಅದಾವ. ಇವೆಲ್ಲಾ ಒಂದ ಬೇರಿನವಾ? ನಾ ಏನ ಬರೀಬೇಕು?

ಗುಮ್ಮಟದ_ಮಾಸ್ತರ, ವಿಜಯಪುರ
ಒಂದೇ ಬೇರು. ಲ್ಯಾಟಿನ್ನಿನ ‘ಸ್ಪೋಲಿಯಮ್’ಗೆ ಮೊದಲ ಅರ್ಥ ಪ್ರಾಣಿಯ ಮೈಯಿಂದ ಸುಲಿದ ತೊಗಲು. ಅಲ್ಲಿಂದ ಅದು ಕಾಳಗದಲ್ಲಿ ಸತ್ತ ವೈರಿಯ ಮೈಮೇಲಿಂದ ಕಳಚಿಕೊಂಡ ಕವಚ, ಆಯುಧಗಳಿಗೆ ದಾಟಿತು. ರೋಮನ್ನರಿಗೆ ಇದು ನಾಚಿಕೆಯ ವಿಷಯವಲ್ಲ, ಬಿರುದು. ಸೇನಾಪತಿ ಎದುರಾಳಿ ಸೇನಾಪತಿಯನ್ನು ತಾನೇ ಕೈಯಾರೆ ಕೊಂದು ತಂದ ಆಯುಧಗಳಿಗೆ ‘ಸ್ಪೋಲಿಯಾ ಓಪೀಮಾ’ ಎಂದು ಹೆಸರು. ಅವನ್ನು ಜುಪಿಟರ್ ಗುಡಿಗೆ ಒಪ್ಪಿಸುತ್ತಿದ್ದರು. ಅವರ ಸಂಪ್ರದಾಯದ ಲೆಕ್ಕದಲ್ಲಿ ಇದು ನಡೆದದ್ದು ಮೂರೇ ಸಲ, ಕೊನೆಯದು ಕ್ರಿ.ಪೂ. 222ರಲ್ಲಿ ಮಾರ್ಸೆಲ್ಲಸ್ ಕೈಯಿಂದ.

ಇದೇ ಬೇರಿನ ‘ಸ್ಪಾಯಿಲ್’ ಕ್ರಿಯಾಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು 1300ರ ಸುಮಾರಿಗೆ. ಆಗ ಅದಕ್ಕೆ ಕಳಚು, ದೋಚು ಎಂದಷ್ಟೇ ಅರ್ಥ. ‘ಕೆಲಸಕ್ಕೆ ಬಾರದಂತೆ ಮಾಡು’ ಎಂಬುದು 16ನೇ ಶತಮಾನದ್ದು. ಮಗುವನ್ನು ಸಲಿಗೆಯಿಂದ ಕೆಡಿಸುವುದು, ತಿನಿಸು ತಾನಾಗಿ ಕೆಡುವುದು 17ನೇ ಶತಮಾನದಲ್ಲಿ ಸೇರಿದವು. ಹಾಗಾಗಿ ಹಳೆಯ ಇಂಗ್ಲಿಷ್ ಓದುವಾಗ ಹುಷಾರು. 1611ರ ಬೈಬಲ್ಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲರು ಈಜಿಪ್ಟಿನವರನ್ನು ‘ಸ್ಪಾಯಿಲ್ಡ್’ ಎಂದಿದೆ. ಬೆಳ್ಳಿ, ಬಂಗಾರ, ಬಟ್ಟೆ ಹೊತ್ತುಕೊಂಡು ಹೋದರು ಎಂದರ್ಥ. ಯಾರೂ ಯಾರನ್ನೂ ಮುದ್ದು ಮಾಡಿ ಕೆಡಿಸಲಿಲ್ಲ.

ಗುರುತು ಹಿಡಿಯಲು ಒಂದು ಉಪಾಯ. ನಾಮಪದವಾಗಿ ಬಹುವಚನದಲ್ಲಿ ‘ಸ್ಪಾಯಿಲ್ಸ್’ ಇದ್ದರೆ ಹೆಚ್ಚಾಗಿ ಕೊಳ್ಳೆ. 1832ರಲ್ಲಿ ಅಮೆರಿಕದ ಸೆನೆಟರ್ ವಿಲಿಯಂ ಮಾರ್ಸಿ ‘ಗೆದ್ದವನಿಗೇ ಕೊಳ್ಳೆ’ ಎಂಬರ್ಥದ ಮಾತಾಡಿದ. ಗೆದ್ದ ಪಕ್ಷ ತನ್ನವರಿಗೇ ಸರ್ಕಾರಿ ಹುದ್ದೆ ಹಂಚುವ ಪದ್ಧತಿಗೆ ‘ಸ್ಪಾಯಿಲ್ಸ್ ಸಿಸ್ಟಮ್’ ಎಂಬ ಹೆಸರು ಅಂಟಿಕೊಂಡಿತು. ಅದಕ್ಕೆ ಕಡಿವಾಣ ಬಿದ್ದದ್ದು 1883ರ ಪೆಂಡಲ್ಟನ್ ಕಾಯ್ದೆಯಿಂದ. ಇದನ್ನು ‘ಕೆಟ್ಟ ವ್ಯವಸ್ಥೆ’ ಎಂದು ಅನುವಾದಿಸಿದರೆ ತಪ್ಪು. ಏಕವಚನದ ‘ಸ್ಪಾಯಿಲ್’ ಅಗೆತ, ಗಣಿ, ಹೂಳೆತ್ತುವ ಮಾತಿನ ನಡುವೆ ಬಂದರೆ ಅದು ಮಣ್ಣು. ಈ ಬಳಕೆ 19ನೇ ಶತಮಾನದ ರೈಲ್ವೆ, ಕಾಲುವೆ ಕೆಲಸಗಳ ಕಾಲದ್ದು.

ಗರಸು_ಮಣ್ಣು, ಆಲಮಟ್ಟಿ ಕಡೆ
ಮಾಸ್ತರ ಬೇರು ಹೇಳಿದ್ರು, ನಾ ಕೆಲಸದ್ದು ಹೇಳ್ತೀನಿ. ಸ್ಪಾಯಿಲ್ ಅಂದ್ರ ಕೆಟ್ಟ ಮಣ್ಣಲ್ರೀ, ಹೆಚ್ಚಾದ ಮಣ್ಣು. ಕಡಿದ ಮಣ್ಣಾಗ ಏರಿ ಕಟ್ಟಿ ಮುಗಿದ್ರ ಲೆಕ್ಕ ಸಮ. ಕಡಿತ ಆಳ ಇದ್ದಲ್ಲಿ ಮಣ್ಣು ಉಳೀತದ, ಅದನ್ನ ಕಾಲುವಿಗುಂಟ ಉದ್ದಕ ಒಟ್ಟತಾರ. ಅದ ಸ್ಪಾಯಿಲ್ ಬ್ಯಾಂಕ್. ನಡುನಡುವ ಸಂದು ಬಿಡಬೇಕು. ಬಿಡದಿದ್ರ ಮಳಿ ನೀರು ದಾಟಾಕ ದಾರಿ ಇಲ್ದ ಪಕ್ಕದ ಹೊಲದಾಗ ನಿಂತ ಬಿಡ್ತದ. ಕಡಿತದ ಅಂಚಿಗೆ ಹತ್ತಿ ಒಟ್ಟೂದೂ ತಪ್ಪ. ಭಾರಕ್ಕ ದಂಡಿ ಕುಸೀತದ, ಮಳಿಗೆ ಮಣ್ಣು ತಿರುಗಿ ಕಾಲುವಿಗೇ ಇಳೀತದ.

ನಮ್ಮ ಕಡೆ ಇನ್ನೊಂದು ಐತಿ. ಎರಿ ಮಣ್ಣು ನೀರು ಕುಡದ ಉಬ್ಬತದ, ಒಣಗಿದ್ರ ಬಿರೀತದ. ಅದರ ಮ್ಯಾಲ ಹಾಕಿದ ಲೈನಿಂಗ್, ಅಂದ್ರ ಕಾಲುವಿ ಒಳಮೈ ಹೊದಿಕಿ, ಸೀಳತದ. ಅದಕ್ಕ ಎರಿ ತೆಗೆದು, ಉಬ್ಬಲಾರದ ಅಂಟು ಮಣ್ಣಿನ ಪದರ ಹಾಕಿ, ಮ್ಯಾಲ ಲೈನಿಂಗ್ ಮಾಡ್ತಾರ. ಮಲಪ್ರಭಾ ಕಾಲುವಿಯೊಳಗ ಹಿಂಗ ಮಾಡೇ ಈ ಪದ್ಧತಿಗೆ ಹೆಸರು ಬಂತು. ಹಂಗ ತೆಗೆದ ಎರಿ ಕಾಗದದಾಗ ‘ಸ್ಪಾಯಿಲ್’, ಹೊಲದವಗ ಬಂಗಾರ. ಹಿಂಗಿದ್ಮ್ಯಾಲ ‘ಕೆಟ್ಟ’ ಅಂತ ಬರೆದ್ರ ಹೆಂಗ? ‘ಹೆಚ್ಚುವರಿ ಮಣ್ಣಿನ ದಿಬ್ಬ’ ಅಂತ ಬರೀರಿ.

ಅದ ಕಾಗದದಾಗ ಇನ್ನ ಮೂರು ಕಡೆ ಮಷಿನ್ ಎಡವತದ, ನೋಡ್ರಿ. ‘ಬಾರೋ ಪಿಟ್’ ಅಂದ್ರ ಸಾಲದ ಗುಂಡಿ ಅಲ್ಲ, ಏರಿಗೆ ಮಣ್ಣು ಕಮ್ಮಿ ಬಿದ್ದಾಗ ಮಣ್ಣು ತೆಗೆಯೂ ತಗ್ಗು. ಅದರ ಆಳ 1 ಮೀಟರ್ ದಾಟಬಾರದು. ಏರಿ ಬುಡದಿಂದ ಸಣ್ಣ ಕಾಲುವಿಗೆ 5 ಮೀಟರ್, ದೊಡ್ಡದಕ್ಕ 10 ಮೀಟರ್ ಆದ್ರೂ ದೂರ ಇರಬೇಕು ಅಂತ ಪಠ್ಯಪುಸ್ತಕದ ನೇಮ. ‘ಲೀಡ್’ ಅಂದ್ರ ಮಣ್ಣು ಒಯ್ಯೂ ದೂರ. ‘ಲಿಫ್ಟ್’ ಅಂದ್ರ ಮ್ಯಾಲ ಎತ್ತೂ ಎತ್ತರ. ಅಳತಿ ಬರೆಯೂ ಮುಂದ ಕಡಿದ ತಗ್ಗಿನ ಅಳತಿಯೋ, ಒಟ್ಟಿದ ಗುಡ್ಡಿ ಅಳತಿಯೋ ಅನ್ನೂದು ಬಿಡಬ್ಯಾಡ್ರಿ. ಅಗೆದ ಮಣ್ಣು ಸಡಿಲಾಗಿ ಹೆಚ್ಚು ಜಾಗ ಹಿಡೀತದ, ಎರಡೂ ಒಂದ ಅಂತ ತಿಳದ್ರ ಬಿಲ್ಲಿನಾಗ ಜಗಳ.

ತೊಗಲುಬೊಂಬೆ, ಜಮಖಂಡಿ
ಮಾಸ್ತರ, ನಮ್ಮಲ್ಲೂ ‘ಸುಲಿ’ ಅಂದ್ರ ತೊಗಲು ತೆಗಿ, ‘ಸುಲಿಗೆ’ ಅಂದ್ರ ದೋಚೂದು. ದನಿಯೂ ಹತ್ತಿರ ಐತಿ. ಸ್ಪಾಯಿಲ್ ನಮ್ಮ ಸುಲಿಯಿಂದನ ಹೋಗಿದ್ದೇನ್ರಿ?

ಗುಮ್ಮಟದ_ಮಾಸ್ತರ, ವಿಜಯಪುರ
ಇಲ್ರಿ. ‘ಸುಲಿ’ ದ್ರಾವಿಡದ್ದು, ‘ಸ್ಪೋಲಿಯಮ್’ ಲ್ಯಾಟಿನ್ನಿನದು. ಸಕಾರ ಲಕಾರ ಕೂಡಿದ ಮಾತ್ರಕ್ಕೆ ನಂಟಾಗುವುದಿಲ್ಲ, ನಡುವಿನ ಪಕಾರ ಎಲ್ಲಿಂದ ಬಂತೆಂದು ಹೇಳಬೇಕಲ್ಲ. ಅರ್ಥ ಮಾತ್ರ ಎರಡು ಕಡೆಯೂ ಒಂದೇ ದಾರಿ ತುಳಿದಿದೆ. ಪಾಠ ಹೇಳುವಾಗ ನೆನಪಿಡಲು ಬಳಸಿಕೊಳ್ಳಿ, ವ್ಯುತ್ಪತ್ತಿ ಎಂದು ಬರೆಯಬೇಡಿ.

ಕುಂದಾ_ಕರಡು, ಬೆಳಗಾವಿ
ತಿರುಗಾ ದಾರಿಯಲ್ಲಿ, ಅಂದರೆ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ, ತಪ್ಪು ಇನ್ನೂ ಜಾಸ್ತಿ. ‘ಕೆಟ್ಟೈತಿ’ ಎಂದ ಕಡೆಯೆಲ್ಲ ‘ಸ್ಪಾಯಿಲ್’ ಹಾಕಿಬಿಡುತ್ತಾರೆ. ಗಾಡಿ ಕೆಟ್ಟರೆ ‘ಬ್ರೋಕನ್ ಡೌನ್’. ಹೊಟ್ಟೆ ಕೆಟ್ಟರೆ ‘ಅಪ್‌ಸೆಟ್’. ಹಾಲು ಒಡೆದರೆ ‘ಕರ್ಡಲ್ಡ್’, ಎಣ್ಣೆ ಕಮಟಾದರೆ ‘ರ‍್ಯಾನ್ಸಿಡ್’, ರೊಟ್ಟಿಗೆ ಬೂಸರ ಬಂದರೆ ‘ಮೋಲ್ಡಿ’. ಅನ್ನ ಹಳಸಿದ್ದಕ್ಕೆ ‘ಸ್ಪಾಯಿಲ್ಡ್’ ನಡೆಯುತ್ತದೆ, ಬ್ರಿಟಿಷರು ‘ಗಾನ್ ಆಫ್’ ಎನ್ನುತ್ತಾರೆ.

ಇನ್ನು ಪ್ರಮಾಣ. ವಿಜಯಪುರದ ಒಣದ್ರಾಕ್ಷಿ ಶೆಡ್ಡಿನಲ್ಲಿ ಅಕಾಲ ಮಳೆಯ ತೇವಕ್ಕೆ ಕಾಯಿ ಕಪ್ಪಾಗಿ ದರ ಇಳಿದರೆ ‘ಸ್ಪಾಯಿಲ್ಡ್’: ವಸ್ತು ಉಳಿದಿದೆ, ಗುಣ ಹೋಗಿದೆ. ಬಳ್ಳಿಯ ಮೇಲಿನ ಫಸಲು ಪೂರ್ತಿ ಕೈಬಿಟ್ಟರೆ ‘ರೂಇನ್ಡ್’. ಅದು ಲ್ಯಾಟಿನ್ನಿನ ‘ಬೀಳು’ ಎಂಬ ಬೇರಿನದು. ಶೆಡ್ಡಿನ ತಗಡು ಹಾರಿ ರಿಪೇರಿ ಆಗುವಂತಿದ್ದರೆ ‘ಡ್ಯಾಮೇಜ್ಡ್’. ವಿಮಾ ಅರ್ಜಿಯಲ್ಲಿ ಈ ಮೂರನ್ನು ಅದಲುಬದಲು ಮಾಡಬೇಡಿ.

ಗಾದೆಗಳಲ್ಲೂ ಮೋಸ ಇದೆ. ಅರ್ಧ ಪೆನ್ನಿಯ ಡಾಂಬರಿಗಾಗಿ ‘ಶಿಪ್’ ಕೆಡಿಸಬೇಡ ಎಂಬ ಇಂಗ್ಲಿಷ್ ಗಾದೆಯಲ್ಲಿರುವುದು ಮೂಲದಲ್ಲಿ ಹಡಗಲ್ಲ, ಕುರಿ. ಕುರಿಯ ಗಾಯಕ್ಕೆ ನೊಣ ಕೂರದಂತೆ ಡಾಂಬರು ಬಳಿಯುತ್ತಿದ್ದರು. ಕೆಲವು ಆಡುನುಡಿಗಳಲ್ಲಿ ‘ಶೀಪ್’ ಎಂಬುದನ್ನೇ ‘ಶಿಪ್’ ಎನ್ನುತ್ತಿದ್ದರು. ಒಂದು ಕೊಳೆತ ಸೇಬು ಬುಟ್ಟಿಯನ್ನೇ ಕೆಡಿಸುತ್ತದೆ ಎಂಬುದಕ್ಕೆ ಮಾತ್ರ ಅನುವಾದವೇ ಬೇಡ, ‘ತಾ ಕೆಟ್ಟ ಮಂಗ್ಯಾ ವನಾ ಎಲ್ಲಾ ಕೆಡಿಸ್ತು’ ಸಾಕು.

ಘಟಪ್ರಭಾ_ದಂಡಿ, ಬಾಗಲಕೋಟೆ
‘ಹೆಚ್ಚುವರಿ ಮಣ್ಣಿನ ದಿಬ್ಬ’ ಹಾಕಿದೆ. ಲೀಡ್ ಇದ್ದಲ್ಲಿ ಮಷಿನ್ ‘ಸೀಸ’ ಅಂತ ಮಾಡಿತ್ತು, ಅದನ್ನೂ ತಿದ್ದಿದೆ. ಕಡೀ ಪ್ರಶ್ನೆ: ‘ಸ್ಪಾಯಿಲ್ಡ್’ ಖರೇನೋ, ‘ಸ್ಪಾಯಿಲ್ಟ್’ ಖರೇನೋ?

ಕುಂದಾ_ಕರಡು, ಬೆಳಗಾವಿ
ಎರಡೂ ಸರಿ. ಅಮೆರಿಕದವರು ‘ಸ್ಪಾಯಿಲ್ಡ್’ ಮಾತ್ರ ಬರೆಯುತ್ತಾರೆ ಎನ್ನಬಹುದು. ಬ್ರಿಟನ್ನಿನಲ್ಲಿ ಎರಡೂ ಇವೆ, ಮಗುವಿನ ಮುಂದೆ ವಿಶೇಷಣವಾಗಿ ಬಂದಾಗ ‘ಸ್ಪಾಯಿಲ್ಟ್’ ಹೆಚ್ಚು. ಆದರೆ ‘ದೋಚು’ ಅರ್ಥವಿದ್ದಲ್ಲಿ ‘ಸ್ಪಾಯಿಲ್ಡ್’ ಒಂದೇ. ಒಂದು ಕಾಗದದಲ್ಲಿ ಒಂದನ್ನೇ ಇಟ್ಟುಕೊಳ್ಳಿ.