ಬಾದಾಮಿ ಕೆರೆ ಬಿಡಿಸೋದು: ಡ್ರಾಯಿಂಗ್ ಮೇಷ್ಟ್ರನ್ನು ಕೇಳಿ

ಗದಗ: ಸರ್, ಅಗಸ್ತ್ಯ ತೀರ್ಥದ ದಡದಿಂದ ಭೂತನಾಥ ಗುಡಿ, ಹಿಂದಿನ ಗುಡ್ಡ ವಾಟರ್‌ಕಲರಿನಲ್ಲಿ ಬಿಡಿಸಿದೆ. ಅದನ್ನೇ ಟ್ರೇಸ್ ಮಾಡಿ ನೀರಲ್ಲಿ ತಲೆಕೆಳಗಾಗಿ ಇಟ್ಟೆ. ಅಳತೆ ಸರಿ ಇದೆ, ಆದ್ರೂ ಸುಳ್ಳು ಅನ್ಸುತ್ತೆ.

ಮೇಷ್ಟ್ರು: ಸುಳ್ಳೇ. ಆದರೆ ಒಳ್ಳೆಯ ತಪ್ಪು, ನಾನೂ ಮಾಡಿದ್ದೇನೆ. ನಿಮ್ಮ ಕಣ್ಣು ನೀರಿಗಿಂತ ಎಷ್ಟು ಮೇಲಿದೆಯೋ, ಅಷ್ಟೇ ಕೆಳಗಿನಿಂದ ನೋಡಿದ ನೋಟ ನೀರಲ್ಲಿ ಕಾಣುತ್ತದೆ. ಕೆಳಗಿನಿಂದ ನೋಡಿದಾಗ ಮುಂದಿನ ಗುಡಿ ಹಿಂದಿನ ಗುಡ್ಡವನ್ನು ಜಾಸ್ತಿ ಮುಚ್ಚುತ್ತದೆ. ಹಾಗಾಗಿ ನೀರಲ್ಲಿ ಗುಡ್ಡ ಕಡಿಮೆ ಕಾಣಬೇಕು. ಮೇಲೆ ಗುಹೆಗಳ ಹತ್ತಿರ ನಿಂತು ಬಿಡಿಸಿದರೆ ಇನ್ನೂ ಕಡಿಮೆ. ಮೇಜಿನ ಮೇಲೆ ಕನ್ನಡಿ ಮಲಗಿಸಿ. ಅದರ ಆಚೆ ಅಂಚಿಗೆ ಲೋಟ, ಲೋಟದ ಹಿಂದೆ ಒಂದು ಗೇಣು ಬಿಟ್ಟು ಉದ್ದನೆಯ ಬಾಟಲಿ. ಈಗ ನೋಡಿ. ಇನ್ನೊಂದು: ಬಿಸಿಲು ಬಿದ್ದ ಕಲ್ಲು ನೀರಲ್ಲಿ ಸ್ವಲ್ಪ ಮಂಕು, ನೆರಳು ಸ್ವಲ್ಪ ತಿಳಿ.

ತುಮಕೂರು: ಪೇಪರ್ ಉಬ್ಬುತ್ತೆ ಸರ್.

ಮೇಷ್ಟ್ರು: 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಪೇಪರ್ ತಗೊಳ್ಳಿ. ನಾಲ್ಕೂ ಅಂಚಿಗೆ ಟೇಪ್ ಹಾಕಿ.

ಮೈಸೂರು: ವಾಟ್ಸಾಪಲ್ಲಿ ಬಂದಿದ್ದು: ಬ್ರಷ್ ಮೊನೆ ನಾಲಿಗೆಯಲ್ಲಿ ಚೂಪು ಮಾಡಿ, ಗಟ್ಟಿಯಾದರೆ ಕುದಿಯೋ ನೀರಿಗೆ ಹಾಕಿ.

ಮೇಷ್ಟ್ರು: ಎರಡೂ ಬೇಡ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತೆ, ಅದನ್ನು ನೆಕ್ಕುತ್ತೀರಾ? ಕುದಿನೀರಿಗೆ ಅಂಟು ಬಿಟ್ಟು ಕೂದಲು ಉದುರುತ್ತೆ. ಉಗುರುಬೆಚ್ಚಗಿನ ನೀರು, ಸೋಪು ಸಾಕು. ಇದನ್ನು ಬರೆದವರು ಒಂದು ಬ್ರಷ್ಷಾದರೂ ತೊಳೆದಿದ್ದಾರಾ?

ಶಿರಸಿ: ಬಂಡೆಯ ಬಿರುಕಿಗೆ ಕಪ್ಪು ಹಾಕಬಹುದಾ?

ಧಾರವಾಡ: ಕಪ್ಪು ಮುಟ್ಟಲೇಬಾರದು ರೀ.

ಶಿರಸಿ: ಯಾಕೆ? ಡಬ್ಬಿಯಲ್ಲಿ ಸುಮ್ನೆ ಕೊಟ್ಟಿದ್ದಾರಾ?

ಧಾರವಾಡ: ಡಬ್ಬಿ ನೋಡಿ ಕಲೀತೀರೇನು? ನಾ ಇಪ್ಪತ್ತು ವರ್ಷ ಆತು ಬಿಡಿಸಾಕತ್ತು.

ಶಿರಸಿ: ಒಂದು ಚಿತ್ರ ಹಾಕಿ, ನೋಡೋಣ.

ಮೇಷ್ಟ್ರು: ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪುಗಂದಿಗೆ ಅಲ್ಟ್ರಾಮರೀನ್ ನೀಲಿ ಕಲಸಿ, ಬಿರುಕಿಗೆ ಬೇಕಾದ ಕಡುಬಣ್ಣ ಬರುತ್ತೆ. ಕೆಂಪು ಮರಳುಗಲ್ಲಿಗೆ ಹೊಂದುತ್ತೆ. ಜಗಳ ಬೇರೆ ಕಡೆ.

ಹಾಸನ: ಬೆಳಗ್ಗೆ ಹೋಗಬೇಕಾ, ಸಂಜೆನಾ? ಬಣ್ಣದ ಸೆಟ್ ಎಷ್ಟಾಗುತ್ತೆ?

ಧಾರವಾಡ: ಸಂಜಿಗೆ. ಗುಡಿ ಮೂಡಣ ದಂಡಿಗೈತಿ, ಇಳಿಬಿಸಿಲು ನೇರ ಬೀಳ್ತೈತಿ.

ಬೀದರ್: ಸರ್, ನಂದೂ ಪೇಪರ್ ಉಬ್ಬುತ್ತೆ.

ಮೇಷ್ಟ್ರು: ಮೇಲೆ ಓದಿ.

ಗದಗ: ಕನ್ನಡಿಯಲ್ಲಿ ಬಾಟಲಿಯ ಮುಚ್ಚಳ ಮಾತ್ರ ಕಂಡಿತು! ಒಣಗಿದ ಗುಡ್ಡ ಈಗ ಅಳಿಸೋದು ಹೇಗೆ?

ಮೈಸೂರು: ಟೂತ್‌ಪೇಸ್ಟ್ ಹಚ್ಚಿ, ವಿಡಿಯೊ ಬಂದಿದೆ.

ಮೇಷ್ಟ್ರು: ಮೈಸೂರಿನವರೇ, ಫೋನ್ ಕೆಳಗಿಡಿ. ಗದಗದವರೇ, ಒದ್ದೆ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಟಿಶ್ಯೂ ಒತ್ತಿ ಎತ್ತಿ. ಪೂರ್ತಿ ಹೋಗಲ್ಲ.