ಅತ್ತೆ ಹಾಕಿದ ಗ್ರಹಣದ ಚೀಟಿ

ಸುಮತ್ತೆ (ಮೈಸೂರು): [ಪಂಚಾಂಗದ ಚಿತ್ರ] ಚಂದ್ರಗ್ರಹಣ, ಮಂಗಳವಾರ, ಮಾರ್ಚ್ 3, 2026. ಸ್ಪರ್ಶ (ಶುರು) ಮಧ್ಯಾಹ್ನ 3:20, ಮೋಕ್ಷ (ಮುಗಿಯೋದು) ಸಂಜೆ 6:47. ಹೊರದೇಶದಲ್ಲಿರೋ ಮಕ್ಕಳೂ ಪಾಲಿಸಿ.

ಕಿರಣ (ನ್ಯೂಜೆರ್ಸಿ): ಮಧ್ಯಾಹ್ನ 3:20ಕ್ಕೆ ಇಲ್ಲಿ ಚಂದ್ರನೇ ಇರಲ್ಲ ಅತ್ತೆ 😄

ವಿದ್ಯಾ (ಸ್ಯಾನ್ ಹೋಸೆ): ಅದು ಭಾರತದ ಗಂಟೆ ಕಣೋ. ಭೂಮಿಯ ನೆರಳು ಚಂದ್ರನಿಗೆ ತಾಗೋ ಗಳಿಗೆ ಎಲ್ಲರಿಗೂ ಒಂದೇ, ಗಡಿಯಾರ ಮಾತ್ರ ಬೇರೆ. ನೀನು ಹತ್ತೂವರೆ ಗಂಟೆ ಕಳೆ: ಬೆಳಗಿನ ಜಾವ 4:50. ನಾನು ಹದಿಮೂರೂವರೆ: ರಾತ್ರಿ 1:50. ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋ ಬೇಸಿಗೆ ಸಮಯ ಮಾರ್ಚ್ 8ಕ್ಕೆ ಶುರು, ಅದನ್ನ ಸೇರಿಸಿ ಒಂದು ಗಂಟೆ ತಪ್ಪಿಸ್ಕೋಬೇಡ.

ಕಿರಣ: ಹಾಗಾದ್ರೆ ಭಾರತದ 4:34ರ ಪೂರ್ತಿ ಕೆಂಪು ನನಗೆ 6:04ಕ್ಕೆ. ಆರಕ್ಕೆ ಎದ್ದರೆ ಸಾಕು.

ವಿದ್ಯಾ: ಸಾಲದು. ಆರಕ್ಕೆ ನಿನ್ನ ಚಂದ್ರ ಪಶ್ಚಿಮದಲ್ಲಿ ಅರ್ಧ ಮುಷ್ಟಿ ಎತ್ತರ (ಕೈ ಚಾಚಿದರೆ ಒಂದು ಮುಷ್ಟಿ ಹತ್ತು ಡಿಗ್ರಿ). ಆಗಲೇ ಬೆಳಕು ಹರಿದಿರುತ್ತೆ. ಮಸುಕು ಕೆಂಪು ಆ ಬೆಳಕಲ್ಲಿ ಕರಗಿಹೋಗುತ್ತೆ, ಅರ್ಧ ಗಂಟೆಯೊಳಗೆ ಚಂದ್ರ ಮುಳುಗ್ತಾನೆ. 5ರಿಂದ 5:50 ನಿನ್ನ ಆಟ. ಮರ, ಮನೆ ಅಡ್ಡ ಇಲ್ಲದ ಜಾಗ ಇವತ್ತೇ ನೋಡಿಟ್ಟುಕೋ.

ಶ್ರೀಧರ ಚಿಕ್ಕಪ್ಪ (ಶಿವಮೊಗ್ಗ): ಗ್ರಹಣ ಹಿಡಿದಂತೆಯೇ ಮುಳುಗೋದು, ಅದಕ್ಕೇ ಗ್ರಸ್ತಾಸ್ತ ಅನ್ನೋದು. ನಮಗೆ ಗ್ರಸ್ತೋದಯ, ಹಿಡಿದಂತೆಯೇ ಹುಟ್ಟೋದು: ನಿಮೀಲನ (ಪೂರ್ತಿ ನೆರಳಿಗೆ ಹೋಗೋದು) 4:34, ಉನ್ಮೀಲನ (ಹೊರಬರೋಕೆ ಶುರು) 5:33, ಎರಡೂ ಚಂದ್ರ ಹುಟ್ಟೋ ಮೊದಲೇ. ಆರೂವರೆ ದಾಟಿದ ಮೇಲೆ ಪೂರ್ವದಲ್ಲಿ ಕಚ್ಚಿದ ಚೂರು ಕಾಣುತ್ತೆ, ಸುಮಾರು ಹತ್ತು ನಿಮಿಷ ಅಷ್ಟೆ.

ಸುಮತ್ತೆ: ಗ್ರಹಣದ ಕನ್ನಡಕ ಇಲ್ಲದೆ ಯಾರೂ ನೋಡಬೇಡಿ.

ವಿದ್ಯಾ: ಅದು ಸೂರ್ಯನಿಗೆ ಅತ್ತೆ. ಹಾಕ್ಕೊಂಡು ಗ್ರಹಣದ ಚಂದ್ರನ್ನ ನೋಡಿದ್ರೆ ಬರೀ ಕತ್ತಲೆ. ಇದಕ್ಕೆ ಬರಿಗಣ್ಣು ಸಾಕು, ದುರ್ಬೀನು ಇದ್ರೆ ಬಣ್ಣ ಚೆನ್ನಾಗಿ ಬಿಡಿಸುತ್ತೆ.

ಕಿರಣ: ವಿದ್ಯಕ್ಕ, ಫೋಟೋ?

ವಿದ್ಯಾ: ನಿನಗೆ ಕಷ್ಟ. ನನಗೆ ಪೂರ್ತಿ ಕೆಂಪು 3:04ರಿಂದ 4:03, ನೈರುತ್ಯದಲ್ಲಿ ಮೂರೂವರೆ ಮುಷ್ಟಿ ಎತ್ತರ. 200 ಮಿಮೀ ಲೆನ್ಸ್, ಟ್ರೈಪಾಡ್. ಹುಣ್ಣಿಮೆ ಚಂದ್ರನಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು) 100, ಎಫ್8 (ಲೆನ್ಸ್ ಎಷ್ಟು ತೆರೆದಿದೆ), 1/250 ಸೆಕೆಂಡು. ಪೂರ್ತಿ ಕೆಂಪಾದ ಮೇಲೆ ಐಎಸ್‌ಒ 1600, ಎಫ್5.6, ಒಂದು ಸೆಕೆಂಡು. ಎರಡು ಮೀರಿದ್ರೆ ಚಂದ್ರ ಸರಿದು ಅಂಚು ಕಲಸಿಹೋಗುತ್ತೆ. ಫೋಕಸ್ ಬೆಳಕಿರುವಾಗಲೇ ಚಂದ್ರನ ಅಂಚಿನ ಮೇಲೆ ಕೂರಿಸಿ ಆಟೋ ಫೋಕಸ್ ತೆಗೆದುಬಿಡು, ಕತ್ತಲಾದ ಮೇಲೆ ಅದು ಹುಡುಕುತ್ತಲೇ ಇರುತ್ತೆ. ಲೆನ್ಸ್ ಮೇಲೆ ಇಬ್ಬನಿ ಕೂರುತ್ತೆ, ಆಗಾಗ ನೋಡಬೇಕು.

ಕಿರಣ: ಕೆಂಪು ಈ ಚೀಟಿಯಲ್ಲಿರೋ ಹಾಗೇ ಬರುತ್ತಾ?

ವಿದ್ಯಾ: ಆ ಚಿತ್ರ ತಿದ್ದಿದ್ದು. ಬಣ್ಣ ನಮ್ಮ ಗಾಳಿ ಎಷ್ಟು ಶುದ್ಧ ಅನ್ನೋದರ ಮೇಲೆ. 1991ರಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ 1992ರ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಬಹಳ ಕಪ್ಪಾಗಿದ್ದ.

ರಘು ಮಾವ (ದುಬೈ): ನನ್ನ ಲೆಕ್ಕ ಯಾರೂ ಹೇಳಲಿಲ್ಲ.

ಚಿಕ್ಕಪ್ಪ: ನಿಮ್ಮಲ್ಲಿ ಮೋಕ್ಷ 5:17ಕ್ಕೆ, ಚಂದ್ರೋದಯ ಅದಾಗಿ ಒಂದು ಗಂಟೆ ಮೇಲೆ. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ, ಶಾಸ್ತ್ರವೇ ಹೇಳುತ್ತೆ.

ಸುಮತ್ತೆ: ಅದು ಚೀಟಿಯಲ್ಲಿ ಬರೆದಿಲ್ವಲ್ಲ?

ಚಿಕ್ಕಪ್ಪ: ಕೆಳಗಡೆ ಸಣ್ಣಕ್ಷರ ಓದಿ. ‘ಮೈಸೂರಿಗೆ ಗಣಿಸಿದ್ದು.’

ರಘು ಮಾವ: ಹಾಗಾದ್ರೆ ಐದು ಗಂಟೆ ಕಾಫಿ ತಪ್ಪಿಸಲ್ಲ.