ಸಹಾಯ ಬೇಕು: ಕಡಿವಾಣ ಒಪ್ಪದ ಬ್ಯಾರೆಲ್ ಕುದುರೆಗೆ ಯಾವ ಹ್ಯಾಕಮೋರ್ (ಬಾಯಲ್ಲಿ ಕಬ್ಬಿಣ ಇಲ್ಲದೆ ಮೂಗಿನ ಮೇಲೆ ಹಿಡಿತ ಕೊಡೋ ತಲೆಸಜ್ಜು)?

ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಸ್‌ನಲ್ಲಿ. ಮಗಳು ಬ್ಯಾರೆಲ್ ರೇಸಿಂಗ್‌ಗೆ (ಮೂರು ಪೀಪಾಯಿ ಸುತ್ತಿ ವೇಗವಾಗಿ ಓಡಿಸೋ ಸ್ಪರ್ಧೆ) ತಯಾರು ಮಾಡ್ತಿರೋ ಕ್ವಾರ್ಟರ್ ಹಾರ್ಸ್ ತಳಿಯ ಹೆಣ್ಣುಕುದುರೆಗೆ ಬಾಯಲ್ಲಿ ಕಬ್ಬಿಣ ಇಟ್ಟರೇ ಆಗಲ್ಲ. ಲಗಾಮು ಸ್ವಲ್ಪ ಬಿಗಿಯಾದರೂ ತಲೆ ಎತ್ತಿ, ಬಾಯಿ ತೆರೆದು ನಾಲಿಗೆ ಹೊರಗೆ ಹಾಕುತ್ತೆ. ವೈದ್ಯರು ಹಲ್ಲು ನೋಡಿದ್ದಾರೆ, ತೊಂದರೆಯೇನೂ ಇಲ್ಲ. ಸೈಡ್‌ಪುಲ್‌ನಲ್ಲಿ (ಮೂಗುಪಟ್ಟಿಯ ಎರಡೂ ಬದಿಗೆ ಲಗಾಮು ಕಟ್ಟೋ ಸಜ್ಜು) ನಿಧಾನಕ್ಕೆ ಚೆನ್ನಾಗಿ ಓಡುತ್ತೆ. ವೇಗ ಬಂದರೆ ಎರಡನೇ ಬ್ಯಾರೆಲ್ ಹತ್ತಿರ ಭುಜ ಒಳಗೆ ವಾಲಿಸುತ್ತೆ.

ಮೆಕ್ಯಾನಿಕಲ್ ಹ್ಯಾಕಮೋರ್ ತಗೊಳ್ಳಿ ಅಂತಾರೆ. ಅದರ ಶ್ಯಾಂಕ್ (ಲಗಾಮು ಕಟ್ಟೋ, ಸನ್ನೆಕೋಲಿನಂತೆ ಕೆಲಸ ಮಾಡೋ ಪಕ್ಕದ ಲೋಹದ ಕಡ್ಡಿ) ಉದ್ದವಾದಷ್ಟೂ ಮೂಗು, ಗದ್ದ, ನೆತ್ತಿ ಮೇಲೆ ಒತ್ತಡ ಜಾಸ್ತಿ. ಇನ್ನೂ ಕಲಿಯೋ ಕುದುರೆಗೆ ಅದು ಬೇಡ ಅಂತಲೇ ನನಗನ್ನಿಸೋದು. ಹೆಣೆದ ಹಸಿತೊಗಲಿನ ಬೋಸಾಲ್‌ನಲ್ಲಿ (ಮೂಗಿನ ಸುತ್ತ ಬಳೆಯಂತೆ ಕೂರೋ ಪಟ್ಟಿ) ಬ್ಯಾರೆಲ್ ಕಲಿಸಿದವರು ಯಾರಾದರೂ ಇದ್ದೀರಾ? ಇಲ್ಲಾ ಗಿಡ್ಡ ಶ್ಯಾಂಕ್, ಅಗಲ ಮೂಗುಪಟ್ಟಿ ಇರೋದು ಸಾಕಾ? ಮೂಗಿನ ಮೃದು ಭಾಗಕ್ಕೆ ಒತ್ತದಂತೆ ಪಟ್ಟಿ ಎಷ್ಟು ಮೇಲೆ ಕಟ್ಟುತ್ತೀರಿ? ಒಂದು ಫೋಟೋ ಹಾಕಿದರೆ ದೊಡ್ಡ ಉಪಕಾರ.